ಪುಸ್ತಕಗಳನ್ನು ಕೂರಿಸುವ ಮಾತಲೇನಾ

ಸವಾಯಿ ದ್ವೀಪದ ಸಲೆಲೊಲೋಗಾ ಬಂದರಿನಿಂದ ಬೆಳಗಿನ ಮೊದಲ ಹಡಗು ಇನ್ನೂ ಹೊರಟಿಲ್ಲ. ಕಾಲೇಜಿನ ಗ್ರಂಥಾಲಯದ ಬಾಗಿಲು ಆಗಲೇ ತೆರೆದಿದೆ. ಒಳಗೆ ಗ್ರಂಥಪಾಲಕಿ ಮಾತಲೇನಾ ತುಯಿಮಾಸೆವೆ ಒಂದೊಂದೇ ಕಿಟಕಿಯ ಗಾಜಿನ ಪಟ್ಟಿಗಳನ್ನು ತಿರುಗಿಸಿ ಗಾಳಿ ಬಿಡುತ್ತಿದ್ದಾರೆ. ಅರ್ಧಕ್ಕರ್ಧ ಪಟ್ಟಿಗಳ ಕೀಲುಗಳು ತುಕ್ಕು ಹಿಡಿದು ಕೂತಿವೆ, ತಿರುಗಲು ಒಲ್ಲವು. ರಾತ್ರಿಯಿಡೀ ಸುರಿದ ಮಳೆಗೆ ಪುಸ್ತಕಗಳ ಬೆನ್ನಿನ ಮೇಲೆ ಮತ್ತೆ ಬೂಷ್ಟು ಬಂದಿದೆ. ಹಳೆಯ ಲುಂಗಿಯ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವರು ಕೆಳಗಿನ ಸಾಲಿನಿಂದ ಒರೆಸುತ್ತಾ ಬರುತ್ತಾರೆ. ಫೆಬ್ರವರಿಯಲ್ಲಿ ಈ ಕೆಲಸಕ್ಕೆ ಕೊನೆ ಎಂಬುದಿಲ್ಲ. ಮೇಲಿನ ಸಾಲು ಮುಗಿಯುವ ಹೊತ್ತಿಗೆ ಕೆಳಗಿನ ಸಾಲು ಮತ್ತೆ ಬೆಳ್ಳಗಾಗಿರುತ್ತದೆ.

"ಒರೆಸೋದು ಬಿಟ್ರೆ ಏನಾಗುತ್ತೆ ಅಂತ ಒಂದು ಸಲ ನೋಡೋಣ ಅನ್ಸುತ್ತೆ," ಎನ್ನುತ್ತಾರೆ. ಅಂದವರು ಕೈ ನಿಲ್ಲಿಸುವುದಿಲ್ಲ.

ಒರೆಸಿದ್ದಾದ ಮೇಲೆ ಮೂಲೆಯಲ್ಲಿ ಸುತ್ತಿಟ್ಟ ಕೇದಗೆ ಎಲೆಯ ಚಾಪೆಯನ್ನು ಎಳೆದು ತಂದು ಓದುವ ಕೋಣೆಯ ನಡುವೆ ಹಾಸುತ್ತಾರೆ. ದೊಡ್ಡ ಚಾಪೆ. ಕಾಲೇಜು ಕೊಡಿಸಿದ್ದಲ್ಲ, ಅವರೇ ಹೆಣೆದದ್ದು. ಮಕ್ಕಳು ಕೂರುವ ಜಾಗ ಸವೆದು ತೂತು ಬಿದ್ದಾಗಲೆಲ್ಲ ಹೊಸದು ಹೆಣೆಯುತ್ತಾರೆ. ಹಾಸಿದ ಮೇಲೆ ಕಪಾಟನ್ನು ಹಿಡಿದುಕೊಂಡು, ಮುಖ ಕಿವುಚಿ, ಮೆಲ್ಲಗೆ ಕೆಳಗೆ ಇಳಿಯುತ್ತಾರೆ. ಎಡ ಮಂಡಿ ಸವೆದಿದೆ. ಬಲದ್ದು ಅದರ ದಾರಿಯಲ್ಲೇ ಇದೆ. ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಮಾತಲೇನಾ ಕೂರುವುದು ನೆಲದ ಮೇಲೆಯೇ, ಅದೂ ಚಕ್ಕಳಮಕ್ಕಳ ಹಾಕಿ. ಎದುರಿಗೆ ಜನ ಇರುವಾಗ ಕಾಲು ಚಾಚುವಷ್ಟು ಮರ್ಯಾದೆಗೆಟ್ಟವರು ಸವಾಯಿ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

ಹೊರಗೆ ಬಸ್ಸಿನ ಸದ್ದು, ಅದಕ್ಕಿಂತ ಜೋರಾಗಿ ಬಸ್ಸಿನೊಳಗಿನ ಹಾಡಿನ ಸದ್ದು. ಬಾಗಿಲ ಮುಂದೆ ರಬ್ಬರ್ ಚಪ್ಪಲಿಗಳ ರಾಶಿ ಬೀಳುತ್ತದೆ. ಹೊಸ ಮಕ್ಕಳು ಬಂದಿದ್ದಾರೆ. ಸೊಂಟ ಬಗ್ಗಿಸಿ, "ತುಲೋವು, ತುಲೋವು" ಎಂದು ದಾರಿ ಬೇಡುತ್ತಾ, ಕೂತವರ ಮುಂದೆ ತಮ್ಮ ತಲೆ ಎತ್ತರವಾಗದಂತೆ ಬಂದು ಚಾಪೆಯ ಅಂಚಿನಲ್ಲಿ ಕೂರುತ್ತಾರೆ. ಮಾತಲೇನಾ ಪ್ರತಿಯೊಬ್ಬರ ಊರು ಕೇಳುತ್ತಾರೆ, ಯಾರ ಮನೆಯವರೆಂದು ಕೇಳುತ್ತಾರೆ. ಅದಾಗದೆ ಪಾಠ ಶುರುವಾಗುವುದಿಲ್ಲ.

ಪಾಠ ಯಾವುದು ಎಂದರೆ, ಗ್ರಂಥಾಲಯದಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ, ಹುಡುಕಿದ್ದನ್ನು ಎಷ್ಟು ನಂಬಬೇಕು, ನಂಬಿದ್ದನ್ನು ಯಾರ ಹೆಸರು ಹೇಳಿ ಬರೆಯಬೇಕು ಎಂಬುದು. ಕಾಲೇಜಿಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ಇದು ಬೇಕು. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ, ಪದವಿ ಪತ್ರದಲ್ಲಿ ಹೆಸರಿಲ್ಲ. ಪದವಿ ಪ್ರದಾನದ ದಿನ ಹಾರಗಳ ಭಾರಕ್ಕೆ ಕತ್ತು ತಿರುಗಿಸಲಾಗದೆ ನಿಂತ ಮಕ್ಕಳು ಅಪ್ಪ ಅಮ್ಮನನ್ನು, ಊರಿನ ಯಜಮಾನರನ್ನು, ಪಾದ್ರಿಗಳನ್ನು, ಉಪನ್ಯಾಸಕರನ್ನು ಸಾಲಾಗಿ ನೆನೆಯುತ್ತಾರೆ. ಲೈಬ್ರರಿ ಮಿಸ್ಸನ್ನು ನೆನೆಯುವುದು ಯಾರಿಗೂ ಹೊಳೆಯುವುದಿಲ್ಲ. ಆ ಹೊತ್ತಿಗೆ ಅವರು ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿರುತ್ತಾರೆ.

ಚಾಪೆಯ ಕಥೆ ಶುರುವಾಗಿದ್ದು ಇಲ್ಲಲ್ಲ, ಸೂವಾದಲ್ಲಿ. ಆಗ ಮಾತಲೇನಾ ಊರಿನ ಪ್ರಾಥಮಿಕ ಶಾಲೆಯ ಟೀಚರು. ಗ್ರಂಥಾಲಯದ ತರಬೇತಿಗೆಂದು ಫಿಜಿಯ ಆ ಊರಿಗೆ ಕಳಿಸಿದರು. ಹೋದವರು ಮೊದಲ ಕೆಲವು ವಾರ ಅಲ್ಲಿನ ದೊಡ್ಡ ಲೈಬ್ರರಿಗೆ ದಿನಾ ಹೋಗಿ ಬರಿಗೈಲಿ ಬಂದರು. ಬೇಕಾದ ಪುಸ್ತಕ ಎಲ್ಲಿದೆ ಎಂದು ಕೇಳಬೇಕು. ಕೇಳಬೇಕಾದ ಹೆಂಗಸು ಸಿಡ್ನಿ ಕಡೆಯವರು, ವಯಸ್ಸಾದವರು, ಮೇಜಿನ ಹಿಂದೆ ಕೂತಿದ್ದಾರೆ. ಹಿರಿಯರು ಕೂತಿರುವಾಗ ಮುಂದೆ ನಿಂತುಕೊಂಡು ಮಾತಾಡುವುದು ಹೇಗೆ?

"ಮೇಜಿನ ಸುತ್ತ ಪ್ರದಕ್ಷಿಣೆ ಹಾಕ್ತಿದ್ದೆ," ಎಂದು ನೆನೆದು ನಗುತ್ತಾರೆ. "ಒಂದಿನ ತಡೀಲಾರದೆ ಅವರ ಮೇಜಿನ ಪಕ್ಕ ನೆಲದ ಮೇಲೆ ಕೂತೇಬಿಟ್ಟೆ. ಆಯಮ್ಮ ಗಾಬರಿಯಾಗಿ, ಹುಡುಗಿಗೆ ತಲೆ ಸುತ್ತಿ ಬಂತು ಅಂದ್ಕೊಂಡು ಮುಖಕ್ಕೆ ನೀರು ಚಿಮುಕಿಸಿದ್ರು. ನಾನು ಅದಕ್ಕೂ ಏನೂ ಅನ್ಲಿಲ್ಲ. ಆಮೇಲೆ ಅವರೂ ಪಕ್ಕದಲ್ಲಿ ಕೂತು, ಏನಮ್ಮಾ ಆಯ್ತು ಅಂದ್ರು. ಕೂತ್ರಲ್ಲ, ತಗೋ, ಅಷ್ಟು ದಿನ ಕಟ್ಟಿಟ್ಕೊಂಡಿದ್ದ ಪ್ರಶ್ನೆ ಎಲ್ಲಾ ಒಂದೇ ಉಸಿರಿಗೆ ಕೇಳ್ಬಿಟ್ಟೆ."

ತಿರುಗಿ ಬಂದು ಈ ಕಾಲೇಜಿಗೆ ಸೇರಿದ ದಿನವೇ ಅವರು ತಮ್ಮ ಮೇಜನ್ನು ಗೋಡೆಗೆ ತಳ್ಳಿ ಚಾಪೆ ಹಾಸಿದರು. ಅಂದಿನಿಂದ ಇಂದಿನವರೆಗೆ ಮೂರು ಪ್ರಿನ್ಸಿಪಾಲರು ಬಂದು ಹೋಗಿದ್ದಾರೆ. ಚಾಪೆ ಅಲ್ಲೇ ಇದೆ.

ಅದರ ಮೇಲೆ ನಡೆಯುವುದನ್ನು ಒಮ್ಮೆ ಕೂತು ನೋಡಬೇಕು. ಮಾತಲೇನಾ ಚಾಪೆಯ ಅಂಚಿನಲ್ಲಿ ಮೊಟ್ಟೆಯಾಕಾರವಾಗಿ ಬಿಸ್ಕತ್ತಿನ ಖಾಲಿ ಡಬ್ಬಿಗಳನ್ನು ಇಡುತ್ತಾರೆ. ಅವು ಊರಿನ ಗೋಡೆಯಿಲ್ಲದ ಸಭಾಮನೆಯ ಕಂಬಗಳು. ಯಾವ ಕಂಬಕ್ಕೆ ಯಾರು ಒರಗಿ ಕೂರಬೇಕೆಂದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಎರಡು ತುದಿಯ ಕಂಬ ದೊಡ್ಡ ಬಿರುದಿನ ಯಜಮಾನರಿಗೆ. ಮುಂದಿನ ಕಂಬಗಳು ಊರಿನ ಪರವಾಗಿ ಮಾತಾಡುವ ವಾಗ್ಮಿಗಳಿಗೆ. ಹಿಂದಿನ ಸಾಲು ಕಾವಾ ಎಂಬ ಬೇರಿನ ಪಾನೀಯ ಕಲಸಿ ಬಟ್ಟಲು ಹಂಚುವವರಿಗೆ. ಮಕ್ಕಳು ತಂದ ಪುಸ್ತಕಗಳನ್ನು ಈಗ ಆ ಡಬ್ಬಿಗಳಿಗೆ ಒರಗಿಸಿ ಕೂರಿಸಬೇಕು.

"ಕಣ್ಣಾರೆ ಕಂಡೋರು ತುದಿ ಕಂಬಕ್ಕೆ," ಎನ್ನುತ್ತಾರೆ ಮಾತಲೇನಾ. "ಕಂಡೋರಿಂದ ಕೇಳಿ ಚೆನ್ನಾಗಿ ಹೇಳೋರು ಮುಂದಿನ ಕಂಬಕ್ಕೆ. ಎಲ್ಲಾರ ಮಾತನ್ನೂ ಒಟ್ಟುಮಾಡಿ ನಮಗೆ ಕುಡಿಯೋ ಹಾಗೆ ಕಲಸಿ ಕೊಡೋರು, ಅಂದ್ರೆ ನಿಮ್ಮ ಪಠ್ಯಪುಸ್ತಕ, ವಿಶ್ವಕೋಶ, ಎಲ್ಲಾ ಹಿಂದೆ. ಅವರಿಲ್ದೆ ಸಭೆ ನಡೆಯಲ್ಲ. ಹಂಗಂತ ಅವರದೇ ಕಡೇ ಮಾತೂ ಅಲ್ಲ."

"ಇಂಟರ್ನೆಟ್ ಎಲ್ಲಿ ಕೂರುತ್ತೆ ಮಿಸ್?" ಎಂದು ಕೇಳುತ್ತಾನೆ ಕೆರಿಸಿಯಾನೊ. ಬಂದರಿನ ಪೇಟೆಯ ಹುಡುಗ, ಬಾಯಿ ಸ್ವಲ್ಪ ಮುಂದೆ.

"ಅದು ರಸ್ತೇಲಿ ಹೋಗ್ತಿರೋರು ಕಣೋ. ಬನ್ನಿ, ಟೀ ಕುಡೀರಿ ಅಂತ ಒಳಗೆ ಕರಿ. ಯಾವೂರು, ಯಾರ ಮಗ ಅಂತ ಕೇಳು. ಉತ್ತರ ಕೊಟ್ರೆ ಕೂರಿಸು. ಊರೇ ಹೇಳ್ದೆ ಹೋದ್ರೆ ಟೀ ಕುಡಿಸಿ ಕಳಿಸು."

ಮಕ್ಕಳು ನಗುತ್ತಾರೆ. ನಗುವಿನ ಮಧ್ಯೆಯೇ ಪುಸ್ತಕಗಳು ತಪ್ಪು ಕಂಬಕ್ಕೆ ಹೋಗಿ ಕೂರುತ್ತವೆ. ಪ್ರತಿ ವರ್ಷ ಅದೇ ತಪ್ಪು. ಬರೆದವರು ಪಾದ್ರಿಯಾದರೆ ಪುಸ್ತಕ ತುದಿ ಕಂಬಕ್ಕೆ. ಡಾಕ್ಟರೇಟ್ ಇದ್ದರೆ ತುದಿ ಕಂಬಕ್ಕೆ. ದಪ್ಪ ರಟ್ಟಿದ್ದರೂ ತುದಿ ಕಂಬಕ್ಕೆ. ಈ ಸೋಮವಾರ ಬರೆದವರನ್ನು ನೋಡಿ ಕೂರಿಸಿದವಳು ಸೆಫೀನಾ, ದ್ವೀಪದ ಪಡುವಣ ತುದಿಯ ಹಳ್ಳಿಯಿಂದ ಬಂದ ಹುಡುಗಿ. ಮೊದಲ ಬಸ್ಸು ಹಿಡಿಯಲು ಕತ್ತಲಲ್ಲೇ ಎದ್ದು ಬಂದು, ಕೂತಲ್ಲೇ ತೂಕಡಿಸುತ್ತಿದ್ದವಳು. ಹಿಂದೆ ಬಂದ ದೊಡ್ಡ ಚಂಡಮಾರುತ ತಮ್ಮೂರಿಗೆ ಏನು ಮಾಡಿತು ಎಂದು ಮೂರು ಆಕರಗಳಿಂದ ಬರೆಯಬೇಕು, ಇದು ಅವಳಿಗೆ ಬಂದ ಮೊದಲ ಅಸೈನ್‌ಮೆಂಟು.

ಒಂದು ಆಕರವನ್ನು ಅವಳು ಮನೆಯಿಂದಲೇ ತಂದಿದ್ದಾಳೆ. ಊರಿನ ಚರ್ಚಿನ ಹಬ್ಬಕ್ಕೆ ಅಚ್ಚು ಹಾಕಿಸಿದ ಕಿರುಹೊತ್ತಿಗೆ. ಬರೆದವರು ಈಗ ತೀರಿಕೊಂಡಿರುವ ಪಾದ್ರಿಗಳು, ಅವಳ ಅಜ್ಜನ ಅಣ್ಣ. 'ಅಂಥ ಗಾಳಿಯಲ್ಲೂ ದೇವರ ಮನೆಯ ಒಂದು ತಗಡೂ ಅಲುಗಲಿಲ್ಲ' ಎಂದು ಅದರಲ್ಲಿದೆ. ಎರಡನೆಯದು ಆಗ ಅಕ್ಕಿ ಹಂಚಲು ಬಂದಿದ್ದ ಪರಿಹಾರ ತಂಡದ ವರದಿ. ಅದರಲ್ಲಿ ಅದೇ ಚರ್ಚಿನ ಚಾವಣಿ ಪೂರಾ ಹಾರಿಹೋಗಿದೆ ಎಂದಿದೆ. ಸೆಫೀನಾ ವರದಿಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು, ಪಾದ್ರಿಗಳನ್ನು ಮಾತ್ರ ತುದಿ ಕಂಬಕ್ಕೆ ಕೂರಿಸಿದ್ದಾಳೆ.

"ಪಾದ್ರಿಗಳು ಆ ರಾತ್ರಿ ಎಲ್ಲಿದ್ರು ಮಗಳೇ?" ಎಂದು ಮಾತಲೇನಾ ಕೇಳುತ್ತಾರೆ.

ಹುಡುಗಿಯ ತೂಕಡಿಕೆ ಹಾರಿಹೋಗುತ್ತದೆ. "ಪಾದ್ರಿಗಳನ್ನ ಎಲ್ಲಿದ್ರಿ ಅಂತ ಕೇಳೋದಾ ಮಿಸ್?"

"ನಾನು ಅವರನ್ನ ಕೇಳ್ತಿಲ್ಲ. ನಿನ್ನ ಕೇಳ್ತಿದೀನಿ."

ಸೆಫೀನಾ ತಲೆ ತಗ್ಗಿಸುತ್ತಾಳೆ. ಕೆರಿಸಿಯಾನೊ ಏನೋ ಹೇಳಲು ಬಾಯಿ ತೆರೆದವನು ಮಿಸ್ಸಿನ ಹುಬ್ಬು ನೋಡಿ ಮುಚ್ಚುತ್ತಾನೆ.

"ಪಾದ್ರಿಗಳು ಹೇಳಿದ್ದು ಸುಳ್ಳು ಅಂತ ಬರೀಬೇಡ," ಎಂದು ಮಾತಲೇನಾ ದನಿ ತಗ್ಗಿಸುತ್ತಾರೆ. "ವರದಿ ಸುಳ್ಳು ಅಂತಲೂ ಬರೀಬೇಡ. ಯಾರನ್ನೂ ಸಭೆಯಿಂದ ಎಬ್ಬಿಸೋದು ಬೇಡ. ಅವರು ಕೂರಬೇಕಾದ ಕಂಬ ಯಾವುದು, ಅಷ್ಟು ಮಾತ್ರ ನೋಡು. ಅದಕ್ಕೆ ಅವರು ಎಲ್ಲಿದ್ರು ಅನ್ನೋದು ಗೊತ್ತಾಗ್ಬೇಕು."

ಮೊದಲು ಈ ಪಾಠಕ್ಕೆ ಆರು ವಾರ ಇತ್ತು. ಆಮೇಲೆ ಎರಡು ವಾರವಾಯಿತು. ಈಗ ಒಂದು ತಂಡಕ್ಕೆ ಒಂದೇ ತಾಸು. ಚಾಪೆಯ ಮೇಲೆ ಹಿಡಿಸುವುದು ಇಪ್ಪತ್ತು ಮಕ್ಕಳು, ಈ ಸಲ ಸೇರಿದವರು ಮುನ್ನೂರರ ಹತ್ತಿರ. ವಾರವಿಡೀ ದಿನಕ್ಕೆ ಮೂರು ಸಲ ಮಾತಲೇನಾ ನೆಲಕ್ಕೆ ಇಳಿಯಬೇಕು, ಮೂರು ಸಲ ಏಳಬೇಕು. ಏಳುವಾಗ ಮಕ್ಕಳು ಬೇರೆಲ್ಲೋ ನೋಡುತ್ತಾರೆ, ಅದೂ ಮರ್ಯಾದೆಯೇ. ಮಧ್ಯಾಹ್ನ ಬೇಯಿಸಿದ ಕೆಸುವಿನ ಗೆಡ್ಡೆ, ಡಬ್ಬಿಯ ಮೀನು ತಿಂದು, ಕಪಾಟುಗಳ ಹಿಂದೆ ಯಾರಿಗೂ ಕಾಣದಂತೆ ಕಾಲು ಚಾಚಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಾರೆ. ಸಂಜೆ ಊರಿನಲ್ಲಿ ಪ್ರಾರ್ಥನೆಯ ಶಂಖ ಊದುವ ಮೊದಲು ಮನೆ ಸೇರಬೇಕು. ಭಾನುವಾರ ಚರ್ಚಿನ ಗಾಯನ ತಂಡ, ತಿಂಗಳಿಗೊಂದು ಯಾರದಾದರೂ ಸಾವೋ ಬಿರುದು ಕೊಡುವ ಸಮಾರಂಭವೋ, ಅಲ್ಲಿ ಉಡುಗೊರೆ ಕೊಡಲು ಹೆಣೆಯಬೇಕಾದ ನಯ ಚಾಪೆ ಬೇರೆ.

"ಸಾಕಾಗಿದೆ," ಎನ್ನುತ್ತಾರೆ. ಮುಚ್ಚುಮರೆ ಇಲ್ಲ. "ಪ್ರತಿ ವರ್ಷ ಅವೇ ಮಕ್ಕಳು, ಮುಖ ಮಾತ್ರ ಬೇರೆ. ಅದೇ ಭಯ, ಅದೇ ತಪ್ಪು. ನಾನೇನು ಕಲಿಸಿದೆ ಇಷ್ಟು ವರ್ಷ ಅಂತ ಒಂದೊಂದು ಸಲ ನನಗೇ ಗೊತ್ತಾಗಲ್ಲ."

ಇದು ಗೊತ್ತಿದ್ದೇ ಪ್ರಿನ್ಸಿಪಾಲ ಅಪೆಲು ಬೇರೆ ಏರ್ಪಾಟು ಹುಡುಕಿದ್ದು. ಅಪೆಲು ಇದೇ ಕಾಲೇಜಿನಲ್ಲಿ, ಇದೇ ಚಾಪೆಯ ಮೇಲೆ ಕೂತು ಓದಿದವರು. ಆಮೇಲೆ ನ್ಯೂಜಿಲೆಂಡಿನಲ್ಲಿ ದೊಡ್ಡ ಓದು ಓದಿ ಬಂದರು. ಈಗ ಮನೆತನದ ಯಜಮಾನ ಬಿರುದೂ ಅವರದೇ. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. ಮಾತಲೇನಾ ಅವರ ಪಾಠವನ್ನು ಕ್ಯಾಮೆರಾದಲ್ಲಿ ಹಿಡಿದು, ಮುನ್ನೂರು ಮಕ್ಕಳಿಗೂ ಒಂದೇ ಸಲ ದೊಡ್ಡ ಪರದೆಯ ಮೇಲೆ ತೋರಿಸುವುದು ಅವರ ಯೋಚನೆ. ಈ ವಾರ ಒಂದು ತಂಡಕ್ಕೆ ತೋರಿಸಿ ನೋಡುವುದು. ಸರಿ ಹೋದರೆ ಮುಂದಿನ ಸಲದಿಂದ ಚಾಪೆಯ ತಾಸು ಇಲ್ಲ.

"ಮಿಸ್ಸಿನ ಮಂಡಿ ನೋಡಿದೀರಾ ನೀವು?" ಎಂದು ಅವರು ಕೇಳುತ್ತಾರೆ. "ಅವರು ಬೇಡ ಅನ್ನಲ್ಲ, ನಾವಾದ್ರೂ ಅನ್ಬೇಕಲ್ಲ. ಅವರು ನಿವೃತ್ತಿ ಆದ್ಮೇಲೆ ಏನ್ಮಾಡೋದು? ಇನ್ನೊಬ್ಬ ಮಾತಲೇನಾನ ಎಲ್ಲಿಂದ ತರ್ಲಿ?"

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮಾತಲೇನಾ ಕೂಡ ಹುಡುಕಲಿಲ್ಲ. "ಆಗಲಿ ಪ್ರಿನ್ಸಿಪಾಲರೇ, ನಿಮಗೆ ಸರಿ ಅನ್ಸಿದ್ದು ಮಾಡಿ," ಎಂದರು. ಚಾಪೆ ಹೋಗುತ್ತದೆಂಬ ದುಃಖ ಒಂದು ಕಡೆ, ಇನ್ನು ಕೂರಬೇಕಾಗಿಲ್ಲ ಎಂಬ ಸಮಾಧಾನ ಒಂದು ಕಡೆ. ಎರಡನೆಯದಕ್ಕೆ ಅವರಿಗೆ ನಾಚಿಕೆಯಾಯಿತಂತೆ.

ಬುಧವಾರ ಆಚೆ ದ್ವೀಪದ ರಾಜಧಾನಿ ಆಪಿಯಾದಿಂದ ಕ್ಯಾಮೆರಾದ ಹುಡುಗ ಬಂದ. ಮಾತಲೇನಾ ಅವರನ್ನು ಬೆತ್ತದ ಕುರ್ಚಿಯ ಮೇಲೆ ಕೂರಿಸಿ, ಹಿಂದೆ ಒಳ್ಳೆಯ ರಟ್ಟಿನ ಪುಸ್ತಕಗಳನ್ನು ಜೋಡಿಸಿ, ಶುರು ಮಾಡಿ ಎಂದ. ಅವರು ಶುರು ಮಾಡಲೇ ಇಲ್ಲ.

"ಯಾರಿಗೆ ಹೇಳ್ಲಿ ಇದನ್ನ?"

"ನನ್ನ ನೋಡ್ಬೇಡಿ ಅಮ್ಮಾ, ಇಲ್ಲಿ, ಈ ಕಪ್ಪು ಗಾಜು ನೋಡ್ಕೊಂಡು ಹೇಳಿ."

"ಇದರ ಹಿಂದೆ ಯಾರ್ ಯಾರು ಕೂತಿದಾರೆ ಅಂತ ಗೊತ್ತಿಲ್ವಲ್ಲಪ್ಪಾ. ಯಾವೂರಿನವರು, ಯಾರ ಮನೆಯವರು ಅಂತ ತಿಳೀದೆ ಮಾತು ಹೆಂಗೆ ತೆಗೀಲಿ?"

ಸಭೆಯಲ್ಲಿ ಇರುವವರ ಊರು, ಬಿರುದು ಎಲ್ಲಕ್ಕೂ ನಮಸ್ಕಾರ ಹೇಳದೆ ನಾಲಿಗೆ ಎತ್ತುವ ಅಭ್ಯಾಸ ಅವರಿಗಿಲ್ಲ. ಕೊನೆಗೆ ಕ್ಯಾಮೆರಾ ಹುಡುಗನ ಊರು ಯಾವುದೆಂದು ಕೇಳಿ, ಆ ಊರಿನ ಯಜಮಾನರಿಗೆ, ವಾಗ್ಮಿಗಳಿಗೆ, ಪಾದ್ರಿಗಳಿಗೆ ಕ್ರಮವಾಗಿ ನಮಸ್ಕಾರ ಹೇಳಿ ಪಾಠ ಮಾಡಿದರು. ಹುಡುಗ ಕ್ಯಾಮೆರಾ ಹಿಡಿದುಕೊಂಡೇ ತಲೆ ಬಗ್ಗಿಸಿದ. ನಮಸ್ಕಾರವೇ ಬಹಳ ಹೊತ್ತಾಯಿತೆಂದು ಆಮೇಲೆ ಅದನ್ನು ಕತ್ತರಿಸಿ ಹಾಕಿದರು. ಪರದೆಯ ಮೇಲೆ ಈಗ ಮಾತಲೇನಾ ಇದ್ದಕ್ಕಿದ್ದಂತೆ ಮಾತು ಶುರು ಮಾಡುತ್ತಾರೆ.

ಶುಕ್ರವಾರ. ಮಾತಲೇನಾ ಅವರ ಎಡ ಮಂಡಿ ಬೆಳಗಿನಿಂದಲೇ ಊದಿಕೊಂಡಿದೆ. ಅವರು ಕಪಾಟುಗಳ ಹಿಂದೆ ನೆಲದ ಮೇಲೆ ಗೋಡೆಗೊರಗಿ ಕೂತು, ಕಾಲು ಚಾಚಿ, ಮೇಲೆ ಒಂದು ಪುಟ್ಟ ಚಾಪೆ ಹೊದ್ದಿದ್ದಾರೆ. ಕಾಯಿಲೆಯವರು ಕಾಲು ಮುಚ್ಚಿಕೊಂಡರೆ ಚಾಚಬಹುದು. ಓದುವ ಕೋಣೆಯಲ್ಲಿ ಬೆಂಚು ಹಾಕಿದ್ದಾರೆ. ಸೋಮವಾರ ಚಾಪೆಯ ಮೇಲೆ ಕೂತಿದ್ದ ತಂಡವನ್ನೇ ಮತ್ತೆ ಕರೆಸಿದ್ದಾರೆ, ಹೋಲಿಸಿ ನೋಡುವುದು ಸುಲಭವೆಂದು. ಗೋಡೆಯ ಮೇಲೆ ಎತ್ತರದಲ್ಲಿ ಪರದೆ. ಅದರಲ್ಲಿ ಮಾತಲೇನಾ ಕುರ್ಚಿಯ ಮೇಲೆ ಕೂತು ಚೆನ್ನಾಗಿಯೇ ಮಾತಾಡುತ್ತಾರೆ. ಕಪಾಟಿನ ಹಿಂದಿನ ಮಾತಲೇನಾ ತಮ್ಮದೇ ದನಿ ಕೇಳಿ ಕಿವಿಗೆ ಕೈ ಇಟ್ಟುಕೊಳ್ಳುತ್ತಾರೆ.

ಪರದೆ ಆರುತ್ತದೆ. ಅಪೆಲು ಎದುರಿಗೆ ಬಂದು ನಿಂತು, "ಏನಾದ್ರೂ ಕೇಳೋದಿದ್ರೆ ಕೇಳಿ, ನಾಚ್ಕೋಬೇಡಿ," ಎನ್ನುತ್ತಾರೆ.

ಯಾರೂ ಕೇಳುವುದಿಲ್ಲ. ಅಪೆಲು ಇನ್ನೊಮ್ಮೆ ಕೇಳುತ್ತಾರೆ. ಕೆರಿಸಿಯಾನೊ ಕೂಡ ತನ್ನ ಹೆಬ್ಬೆರಳು ನೋಡುತ್ತಾ ಕೂತಿದ್ದಾನೆ. ಅಪೆಲು ಅವರ ಮುಖದಲ್ಲಿ ಸಮಾಧಾನ ಕಾಣುತ್ತದೆ. "ಯಾರಿಗೂ ಪ್ರಶ್ನೆ ಇಲ್ಲ ಅಂದ್ರೆ ಎಲ್ಲಾ ಅರ್ಥ ಆಗಿದೆ ಅಂತಾಯ್ತು. ಒಳ್ಳೇದು," ಎಂದು ಅವರು ಹೊರಗೆ ಜಗುಲಿಗೆ ಹೋಗುತ್ತಾರೆ. ಫೋನು ತೆಗೆದು ಯಾರಿಗೋ ಸುದ್ದಿ ಹೇಳುವ ಉತ್ಸಾಹದಲ್ಲಿದ್ದಾರೆ. ಕಪಾಟಿನ ಹಿಂದೆ ಮಾತಲೇನಾ ಕಣ್ಣು ಮುಚ್ಚುತ್ತಾರೆ. ಅಳು ಬಂತೇ ಎಂದರೆ, ಇಲ್ಲ, ನಿದ್ದೆ ಬಂತು ಎನ್ನುತ್ತಾರೆ.

ಕಣ್ಣು ತೆರೆದಾಗ ಎದುರಿಗೆ ಸೆಫೀನಾ ಕೂತಿದ್ದಾಳೆ.

"ಮಿಸ್, ಎಬ್ಬಿಸಿದ್ನಾ? ಕಾಲು ಹಾಗೇ ಇರಲಿ ಮಿಸ್, ಹಾಗೇ ಇರಲಿ."

"ಹೇಳು."

"ಪಾದ್ರಿಗಳು ಎಲ್ಲಿದ್ರು ಅಂತ ನಮ್ಮಜ್ಜೀನ ಕೇಳಿದೆ." ಇಷ್ಟು ಹೇಳಿ ಹುಡುಗಿ ಉಸಿರು ಎಳೆದುಕೊಳ್ಳುತ್ತಾಳೆ, ದೊಡ್ಡ ತಪ್ಪು ಒಪ್ಪಿಕೊಂಡವಳಂತೆ. "ಅವಳ ಮೈ ತಿಕ್ಕುವಾಗ ಮೆಲ್ಲಗೆ ಕೇಳಿದೆ. ಬಯ್ತಾಳೆ ಅಂದ್ಕೊಂಡಿದ್ದೆ. ಅಜ್ಜಿ, ಇಷ್ಟು ವರ್ಷ ಇದನ್ನ ಯಾರೂ ಕೇಳ್ಲಿಲ್ಲ ಮಗಾ ಅಂದ್ಲು."

ಪಾದ್ರಿಗಳು ಆ ವಾರ ಊರಿನಲ್ಲೇ ಇರಲಿಲ್ಲ. ಚರ್ಚಿನ ಮಹಾಸಭೆಗೆಂದು ಆಪಿಯಾಕ್ಕೆ ಹೋಗಿದ್ದರು. ಗಾಳಿಗೆ ಚರ್ಚಿನ ಚಾವಣಿ ಒಂದು ತಗಡೂ ಉಳಿಯದೆ ಸಮುದ್ರಕ್ಕೆ ಹೋಯಿತು. ಪರಿಹಾರದ ದೋಣಿಯಲ್ಲಿ ಅಕ್ಕಿ ತಂದವರು ಕಂಡದ್ದು ಅದನ್ನೇ. ಹಡಗು ನಿಂತುಹೋಗಿತ್ತು, ಪಾದ್ರಿಗಳು ಬರುವುದು ತಡವಾಯಿತು. ಅವರು ಬಂದು ಬರಿ ಗೋಡೆ ನೋಡಬಾರದೆಂದು ಊರಿನವರು ತಮ್ಮ ತಮ್ಮ ಮನೆಯ ಮೇಲೆ ಉಳಿದಿದ್ದ ತಗಡು ಕಿತ್ತು ತಂದು ಚರ್ಚಿಗೆ ಹೊದಿಸಿದರು. ಸೆಫೀನಾಳ ಅಜ್ಜಿ ಆಗ ಬಾಣಂತಿ. ಅವರ ಮನೆಯ ತಗಡೂ ಹೋಯಿತು. ಮುಂದಿನ ಕ್ರಿಸ್‌ಮಸ್ಸಿನವರೆಗೆ ಕೂಸನ್ನು ತೆಂಗಿನ ಗರಿಯ ಕೆಳಗೆ ಮಲಗಿಸಿದರು.

"ಪಾದ್ರಿಗಳು ಬಂದು ನೋಡಿದ್ರೆ ಚಾವಣಿ ಇತ್ತು ಮಿಸ್. ಕೆಂಪು, ಹಸಿರು, ತುಕ್ಕು ಹಿಡಿದಿದ್ದು, ಎಲ್ಲಾ ಬಣ್ಣದ್ದೂ ಇತ್ತಂತೆ. ಅವರು ಏನೂ ಕೇಳ್ಲಿಲ್ಲ. ಇವರು ಏನೂ ಹೇಳ್ಲಿಲ್ಲ." ಸೆಫೀನಾ ಕೊಂಚ ಮುಂದೆ ಜರುಗುತ್ತಾಳೆ. "ಹಾಗಾದ್ರೆ ಯಾರೂ ಸುಳ್ಳು ಹೇಳಿಲ್ಲ ಅಲ್ವಾ ಮಿಸ್?"

"ಯಾರೂ ಹೇಳಿಲ್ಲ ಮಗಳೇ."

"ಈಗ ಅಜ್ಜೀನ ಎಲ್ಲಿ ಕೂರಿಸ್ಲಿ? ಅವಳು ಯಾವ ಸಭೇಲೂ ಕಂಬಕ್ಕೆ ಒರಗಿ ಕೂತೋಳಲ್ಲ. ಅವಳ ಹೆಸರು ಎಲ್ಲೂ ಅಚ್ಚಾಗಿಲ್ಲ. ಅದನ್ನ ಬರೀಬಹುದಾ?"

"ನಿನ್ನ ಸಭೆ ಇದು. ನೀನು ಕೂರಿಸು."

ಸೆಫೀನಾ ಕೈ ಚಾಚಿ, ಕಪಾಟಿನ ಪಕ್ಕ ಪೇರಿಸಿಟ್ಟಿದ್ದ ಬಿಸ್ಕತ್ತಿನ ಡಬ್ಬಿಗಳಲ್ಲಿ ಎರಡನ್ನು ಎಳೆದುಕೊಳ್ಳುತ್ತಾಳೆ. ತನ್ನ ಹಾಳೆಯ ಮೇಲೆ ಅಜ್ಜಿಯ ಪೂರ್ತಿ ಹೆಸರು ಬರೆದು, ಹರಿದು, ತುದಿ ಕಂಬಕ್ಕೆ ಒರಗಿಸುತ್ತಾಳೆ. ಪಾದ್ರಿಗಳ ಹೊತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿನ ಕಂಬಕ್ಕೆ ಒರಗಿಸುತ್ತಾಳೆ. ಇಷ್ಟು ವರ್ಷ ತಾವೇನು ಕಲಿಸಿದ್ದು ಎಂಬುದು ಆ ಗಳಿಗೆಯಲ್ಲಿ ಮಾತಲೇನಾ ಅವರ ಕಣ್ಣೆದುರು ಕೂತಿದೆ.

ಅಷ್ಟರಲ್ಲಿ ಕಪಾಟಿನ ಸಂದಿಯಿಂದ ಕೆರಿಸಿಯಾನೊ ಇಣುಕುತ್ತಾನೆ. "ಮಿಸ್, ಪರದೇಲಿ ನೀವು ಹೇಳಿದ್ರಲ್ಲ, ಒಂದೇ ಹೆಸರಲ್ಲಿ ಇಬ್ಬರು ಬರೆದಿದ್ರೆ ಏನು ಮಾಡೋದು ಅಂತ, ಅದು ನಂಗೆ ಒಂಚೂರೂ ತಲೆಗೆ ಹೋಗ್ಲಿಲ್ಲ," ಎಂದು ಹೇಳುತ್ತಲೇ ಕೂತುಬಿಡುತ್ತಾನೆ. ಅವನ ಹಿಂದೆ ಇನ್ನಿಬ್ಬರು. ಅವರ ಹಿಂದೆ ನಾಲ್ವರು. ಇಡೀ ತಂಡ ಸೊಂಟ ಬಗ್ಗಿಸಿಕೊಂಡು ಬಂದು ಕಪಾಟುಗಳ ನಡುವಿನ ಇಕ್ಕಟ್ಟಿನಲ್ಲಿ, ಒಬ್ಬರ ಮಂಡಿಗೆ ಒಬ್ಬರ ಮಂಡಿ ತಾಗುವಂತೆ ಕೂರುತ್ತದೆ. ಅರ್ಥವಾಗಿದೆ ಎಂದು ಪ್ರಿನ್ಸಿಪಾಲರು ಸಂತೋಷಪಟ್ಟಿದ್ದೆಲ್ಲವೂ ಈಗ ಪ್ರಶ್ನೆಯಾಗಿ ಹೊರಗೆ ಬೀಳುತ್ತದೆ. ಮಾತಲೇನಾ ಕಾಲು ಚಾಚಿಕೊಂಡೇ ಒಬ್ಬೊಬ್ಬರಿಗೆ ಉತ್ತರ ಹೇಳುತ್ತಾರೆ. ಸದ್ದು ಜಗುಲಿಗೆ ಕೇಳುತ್ತದೆ. ಅಪೆಲು ಫೋನು ಕಿವಿಯಲ್ಲಿಟ್ಟುಕೊಂಡೇ ಕಿಟಕಿಯ ಪಟ್ಟಿಗಳ ನಡುವಿನಿಂದ ನೋಡುತ್ತಾರೆ. ಆಮೇಲೆ ಮಾತಾಡುತ್ತೇನೆ ಎಂದು ಫೋನು ಇಡುತ್ತಾರೆ.

ಬಸ್ಸಿನ ಹೊತ್ತಾಗಿ ಮಕ್ಕಳು ಹೋದ ಮೇಲೆ ಅಪೆಲು ಒಳಗೆ ಬರುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದಾರೆ. ಸ್ವಲ್ಪ ಹೊತ್ತು ನಿಂತು, ಆಮೇಲೆ ಇಸ್ತ್ರಿ ಮಾಡಿದ ಲುಂಗಿಯ ಮಡಿಕೆ ಮುರಿಯುವುದನ್ನೂ ನೋಡದೆ, ಮಾತಲೇನಾ ಅವರ ಎದುರಿಗೆ ನೆಲದ ಮೇಲೆ ಕೂರುತ್ತಾರೆ. ಕಾಲು ಮಡಚುವಾಗ ಅವರ ಕೀಲೂ ಕಟಕ್ ಎನ್ನುತ್ತದೆ.

"ನಾನು ಕೇಳಿದ್ರೆ ಒಬ್ಬರೂ ಬಾಯಿ ಬಿಡ್ಲಿಲ್ಲ ಮಿಸ್."

"ನೀವು ನಿಂತಿದ್ರಿ ಪ್ರಿನ್ಸಿಪಾಲರೇ."

ಅಪೆಲು ನಗಲು ನೋಡುತ್ತಾರೆ, ನಗು ಬರುವುದಿಲ್ಲ. "ಮುನ್ನೂರು ಮಕ್ಕಳು. ನಿಮ್ಮ ಮಂಡಿ ನಿಮ್ಮ ಮಾತು ಕೇಳ್ತಿಲ್ಲ. ನಾನೇನು ಮಾಡ್ಲಿ, ನೀವೇ ಹೇಳಿ. ನಿಮಗೇನು ಬೇಕು?"

ಮಾತಲೇನಾ ಯೋಚಿಸುತ್ತಾರೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಕೇಳಿದ ಪ್ರಿನ್ಸಿಪಾಲರು ಇವರೇ ಮೊದಲು.

"ಪರದೆ ಇರ್ಲಿ," ಎನ್ನುತ್ತಾರೆ ಕೊನೆಗೆ. "ನನಗೂ ಸಾಕಾಗಿದೆ, ಅದು ಮಾತಾಡ್ಲಿ. ಆದ್ರೆ ಗೋಡೆ ಮೇಲಿಂದ ಇಳಿಸಿ ನೆಲಕ್ಕೆ ಇಡ್ಸಿ. ಬೆಂಚು ತೆಗೆಸಿ. ಪಕ್ಕದಲ್ಲಿ ಯಾರಾದ್ರೂ ಒಬ್ಬರು ಕೂತಿರ್ಲಿ. ನನ್ನಷ್ಟು ಗೊತ್ತಿರ್ಬೇಕು ಅಂತಿಲ್ಲ. ಗೊತ್ತಿಲ್ದೇ ಇದ್ರೆ ಮಕ್ಕಳ ಜೊತೆ ಹುಡುಕ್ಲಿ, ಅದೇ ಪಾಠ. ಕೂತಿರ್ಬೇಕು, ಅಷ್ಟೇ."

"ಯಾರನ್ನ ಹುಡುಕ್ಲಿ ಮಿಸ್? ಈ ಕೆಲಸಕ್ಕೆ ಬಂದು ನೆಲದ ಮೇಲೆ ಯಾರು ಕೂರ್ತಾರೆ?"

ಮಾತಲೇನಾ ತಮ್ಮ ಹಳೆಯ ವಿದ್ಯಾರ್ಥಿಯ ಮುಖ ನೋಡುತ್ತಾರೆ. ಮಿಸ್ಸಿನ ದಣಿದ ಕಣ್ಣಿನಲ್ಲಿ ಅಂದು ಮೊದಲ ಸಲ ತುಂಟತನ ಕಾಣುತ್ತದೆ. ಪ್ರಿನ್ಸಿಪಾಲರೇ ಎನ್ನುವುದನ್ನೂ ಅವರು ಮರೆಯುತ್ತಾರೆ.

"ನೀನೀಗ ಕೂತಿದೀಯಲ್ಲ ಅಪೆಲು."